ಗುಂಡಿಯಲ್ಲಿ ಬೆಂದ ಕಾಳಿಗೆ ಗೋಡೆ ಎಲ್ಲಿ?

ರಾಜ್ಯದ ಆಹಾರ ಸುರಕ್ಷತಾ ಆಯುಕ್ತರೇ,

ಕಳೆದ ಶನಿವಾರ ನಿಮ್ಮ ಅಧಿಕಾರಿ ಯಾರೂ ಉಣ್ಣದಂತೆ ನಮ್ಮೂರ ಊಟದ ಮೇಲೆ ಬ್ಲೀಚ್ ಸುರಿದು ಹೋದರು. ಊರಿಗೆ ಊರೇ ತಟ್ಟೆ ಹಿಡಿದು ನಿಂತಿತ್ತು. ಒಬ್ಬರಿಗೂ ಹೊಟ್ಟೆನೋವು ಬರಲಿಲ್ಲ. ಬರುವುದಕ್ಕೆ ಹೊಟ್ಟೆಗೆ ಏನಾದರೂ ಬಿದ್ದಿರಬೇಕಲ್ಲ. ಈ ಸಾಧನೆ ನಿಮ್ಮ ವಾರ್ಷಿಕ ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಲಿ ಎಂದು ಹಾರೈಸುತ್ತೇನೆ.

ಲವೀನಾ ಪಿಂಕ್‌ಹ್ಯಾಮ್ ಅವರ ಮನೆ ಬೇಸಿಗೆಯಲ್ಲಿ ಸುಟ್ಟುಹೋಯಿತು. ಹಿಮ ಬೀಳುವ ಮೊದಲು ಆಕೆಗೊಂದು ಸೂರು ಆಗಬೇಕು. ಇಂಥದ್ದಕ್ಕೆ ಅಮೆರಿಕದ ಈ ನ್ಯೂ ಇಂಗ್ಲೆಂಡಿನ ನಮ್ಮ ಹಳ್ಳಿಗಳಲ್ಲಿ ಯಾರೂ ರಾಜಧಾನಿಗೆ ಅರ್ಜಿ ಹಾಕುವುದಿಲ್ಲ, ಗುಂಡಿ ತೋಡುತ್ತೇವೆ. ಅದರಲ್ಲಿ ಕಲ್ಲು ಕಾಯಿಸಿ, ಬೀನ್ಸ್ ಕಾಳು, ಉಪ್ಪು ಹಚ್ಚಿದ ಹಂದಿಮಾಂಸ, ಕಾಕಂಬಿ ತುಂಬಿದ ಕಬ್ಬಿಣದ ಹಂಡೆ ಇಳಿಸಿ ಮಣ್ಣು ಮುಚ್ಚುತ್ತೇವೆ. ಮರುದಿನ ಬಂದವರು ಉಂಡು, ಮನಸ್ಸು ಬಂದಷ್ಟು ಹಣ ಡಬ್ಬಿಗೆ ಹಾಕಿ ಹೋಗುತ್ತಾರೆ. ಅದರಿಂದ ಮನೆಗೆ ತೊಲೆ ಬರುತ್ತದೆ.

ತಪ್ಪು ನಮ್ಮದೇ. ಊಟಕ್ಕೆ ಊರಿನ ಪ್ರತಿ ಬಾಗಿಲಿಗೂ ಕರೆ ಹೋಗಬೇಕು, ಬಾಡಿಗೆಗೆ ಬಂದವರನ್ನೂ ಬಿಡಬಾರದು ಎಂಬುದು ನಮ್ಮ ಪದ್ಧತಿ. ನಿಮ್ಮ ಅಧಿಕಾರಿ ಕೆರೆಯ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ನಾವು ಕರೆದದ್ದು ನೆರೆಯವರನ್ನು, ಬಂದದ್ದು ಇಲಾಖೆ.

"ಅಡುಗೆಮನೆ ಎಲ್ಲಿದೆ?" ಎಂದು ಕೇಳಿದರು.

"ಅದರ ಮೇಲೇ ನಿಂತಿದೀರಲ್ಲ. ಚೂರು ಹಿಂದೆ ಸರೀರಿ, ಬೂಟು ಸುಟ್ಟೀತು," ಎಂದ ಹಂಡೆ ಕಾಯುತ್ತಿದ್ದ ಮುದುಕ ಆರಿನ್ ಬ್ಯಾಚೆಲ್ಡರ್.

"ಅಡುಗೆ ಮಾಡೋ ಜಾಗದ ಗೋಡೆ ತೊಳೆಯೋ ಹಾಗಿರಬೇಕು. ಇದು ನಿಯಮ."

"ಭೂಮಿ ತೊಳೀತಾ ಕೂತ್ರೆ ಕಾಳು ಬೇಯೋದು ಯಾವಾಗ ಮಾರಾಯ? ನಮ್ಮಜ್ಜನೂ ಇದನ್ನೇ ತಿಂದ."

"ನಿಮ್ಮಜ್ಜ ಈಗ ಇದಾರಾ?"

"ಇಲ್ಲ. ತೊಂಬತ್ತು ದಾಟಿದ ಮೇಲೆ ಏಣಿಯಿಂದ ಬಿದ್ದ. ಏಣಿಗೂ ಒಂದು ಇಲಾಖೆ ಇರಬೇಕಲ್ಲ ನಿಮ್ಮತ್ರ?"

ಅಧಿಕಾರಿಗೆ ನಗು ಬಂದಂತಿತ್ತು. ಆದರೂ ಬ್ಲೀಚಿನ ಬಾಟಲಿ ತೆರೆದರು.

ಮಾನ್ಯರೇ, ಅಲ್ಲಿ ಮೋಸ ಹೋದವರು ಯಾರು? ಗುಂಡಿಯನ್ನು ಯಾರಿಂದಲಾದರೂ ಮುಚ್ಚಿಟ್ಟಿದ್ದೆವೆ? ಯಾರ ಬಾಯಿಗಾದರೂ ಬಲವಂತವಾಗಿ ತುರುಕಿದೆವೆ? ನಾವು ಕೊಳೆತದ್ದನ್ನು ಹೊಸದೆಂದು ಬಡಿಸಿದ್ದರೆ ಹಿಡಿದು ಕೋರ್ಟಿಗೆ ಎಳೆಯಿರಿ, ಕಾನೂನು ಇರುವುದೇ ಅದಕ್ಕೆ. ಎದುರಿನ ಅಂಗಡಿಯಲ್ಲಿ ನಿಮ್ಮದೇ ಪರವಾನಗಿಯ ಕೆಳಗೆ ಸಿಗರೇಟು ಮಾರುತ್ತಾರೆ. ವಯಸ್ಸಿಗೆ ಬಂದವರು ತಿಳಿದೂ ತಿಳಿದೂ ಶ್ವಾಸಕೋಶ ಸುಟ್ಟುಕೊಳ್ಳಬಹುದಂತೆ, ನೆರೆಯವನ ಕಾಳನ್ನು ಮಾತ್ರ ಉಣ್ಣಬಾರದಂತೆ. ಈ ವಿವೇಕ ಯಾವ ಕಚೇರಿಯಲ್ಲಿ ತಯಾರಾಗುತ್ತದೆಂದು ತಿಳಿದರೆ ಒಮ್ಮೆ ನೋಡಿ ಬರಬಹುದಿತ್ತು.

ನಾನೂ ಒಂದು ಸರ್ಕಾರವೇ, ಗಾಬರಿಯಾಗಬೇಡಿ. ನಮ್ಮ ಊರಸಭೆ ಪ್ರತಿ ವರ್ಷ ಕೈಯೆತ್ತಿ ನನ್ನನ್ನು ಬೇಲಿ ನೋಡುವವನನ್ನಾಗಿ ಆರಿಸುತ್ತದೆ. ಇಬ್ಬರ ನಡುವೆ ಗಡಿಯ ಜಗಳ ಬಂದು ಅವರು ಕರೆದರೆ ಹೋಗುತ್ತೇನೆ, ಒಬ್ಬನದು ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ಶುರುವಾಗುತ್ತದೆಂದು ಹೇಳಿ ಮನೆಗೆ ಬರುತ್ತೇನೆ. ಸಿರಿವಂತನ ಬೇಲಿಗೂ ಬಡವನ ಬೇಲಿಗೂ ಒಂದೇ ಅಳತೆಗೋಲು. ಒಳಗೆ ಏನು ಬಿತ್ತುತ್ತಾನೆ, ಯಾರ ಜೊತೆ ಕೂತು ಏನು ಉಣ್ಣುತ್ತಾನೆ ಎಂದು ನಾನು ಈವರೆಗೆ ಇಣುಕಿಲ್ಲ. ಇಷ್ಟು ಸರ್ಕಾರದಲ್ಲಿ ನಮ್ಮೂರು ಚೆನ್ನಾಗಿಯೇ ನಡೆದಿದೆ.

ಆ ದಿನ ಜನ ಖಾಲಿ ತಟ್ಟೆ ಹಿಡಿದು ಮನೆಗೆ ಹೊರಟಾಗ ಲವೀನಾ ನಿಮ್ಮ ಅಧಿಕಾರಿಯ ಹತ್ತಿರ ಹೋದರು. ದನಿ ಏರಿಸಲಿಲ್ಲ. "ನೀವು ನಂಗೇನೂ ಕೊಡೋದು ಬೇಡಪ್ಪ. ಕೊಡೋಕೆ ಬಂದವರ ಕೈ ತಡೀಬೇಡಿ, ಅಷ್ಟು ಸಾಕು," ಎಂದರು. ನನಗೆ ಸಿಟ್ಟು ಬಂದದ್ದು ಬ್ಲೀಚು ಕಂಡಲ್ಲ, ಆ ಮಾತು ಕೇಳಿ. ಮನೆ ಸುಟ್ಟಾಗಲೂ ಯಾರ ಮುಂದೆಯೂ ಬೇಡದ ಹೆಂಗಸು ಅವರು.

ಗೋಡೆಯಿಲ್ಲದೆ ಬೇಯಿಸಬಾರದೆಂಬ ನಿಮ್ಮ ಅಧಿಕಾರಿಯ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಬೇಕಿದ್ದರೆ ಗುಂಡಿಯ ಪಕ್ಕ ಫಲಕ ನೆಡಿ: ಇದಕ್ಕೆ ಗೋಡೆಯಿಲ್ಲ, ಉಣ್ಣುವವರು ಯೋಚಿಸಿ ಉಣ್ಣಿ. ಬರುವ ಶನಿವಾರ ನಾವು ಹೇಗೂ ಮತ್ತೆ ತೋಡುತ್ತೇವೆ. ನಿಮಗೂ ಕರೆಯಿದೆ, ಬಾಟಲಿ ಬಿಟ್ಟು ತಟ್ಟೆ ತನ್ನಿ.

ನಿನ್ನೆ ಮೊದಲ ಹಿಮ ಬಿತ್ತು. ಲವೀನಾ ಚರ್ಚಿನ ನೆಲಮಾಳಿಗೆಯಲ್ಲಿ ಮಲಗುತ್ತಿದ್ದಾರೆ. ನೀವು ನೆಮ್ಮದಿಯಾಗಿರಿ, ಅಲ್ಲಿನ ಗೋಡೆಗಳು ತೊಳೆಯುವಂಥವೇ.

ಇಂತಿ,
ನಿಮ್ಮ ರಕ್ಷಣೆಯಿಂದ ಹಸಿದುಕೊಂಡಿರುವ
ಎಲಿಫಲೆಟ್ ಟಟಲ್
ಬೇಲಿ ನೋಡುವವನು (ಕರೆದರೆ ಮಾತ್ರ)