ಟಕ್ ಎನ್ನುವ ಬೀಜ

ಆದೋನಿ

ಚಿ. ಪ್ರತಿಮಾಳಿಗೆ ಅಪ್ಪನ ಆಶೀರ್ವಾದ.

ನಮ್ಮ ಹತ್ತಿ ವ್ಯಾಪಾರದ ಗುಟ್ಟನ್ನೆಲ್ಲ ಬ್ಲಾಗಿನಲ್ಲಿ ಬರೆದು ಬೀದಿಗಿಟ್ಟೆ ಎಂದು ನಿನ್ನನ್ನು ಬೈದಿದ್ದೆ. ಅದನ್ನು ಓದುವುದೂ ಇಲ್ಲ ಎಂದಿದ್ದೆ. ನಿನ್ನೆ ಓದಿದೆ, ಅದೂ ಬೇರೆಯವರ ಫೋನಿನಲ್ಲಿ.

ಕೌತಾಳಂನ ರೈತ ಸುಂಕಣ್ಣ ಹತ್ತಿ ತಂದಿದ್ದ. ನಾನು ಬೀಜ ಕಚ್ಚಿ ನೋಡಿ, ಹಸಿ ಇದೆ, ತೂಕದಲ್ಲಿ ಕಡಿತ ಮಾಡುತ್ತೇನೆ ಎಂದೆ. ಅವನು ನಿನ್ನ ಪುಟ ತೆಗೆದು ತೋರಿಸಿದ. "ಒಣಗಿದ ಬೀಜ ಕಚ್ಚಿದ್ರ ಟಕ್ ಅಂತೈತಿ ಅಂತ ಇದರಾಗ ಬರದಾರ್ರಿ," ಎಂದು ಗುಡ್ಡೆಯೊಳಗೆ ಕೈ ಹಾಕಿ, ಒಂದು ಬೀಜ ತೆಗೆದು ತಾನೇ ಕಚ್ಚಿದ. ಟಕ್ ಎಂದಿತು. ಪುಟದ ಕೆಳಗೆ 'ಇದನ್ನು ಕಲಿಸಿದವರು ನನ್ನ ಅಪ್ಪ ಹಾಲಸ್ವಾಮಿ' ಎಂದು ನೀನು ಬರೆದದ್ದನ್ನೂ ಓದಿ, "ಆ ಅಪ್ಪ ನೀವ ಏನ್ರಿ ಸಾವ್ಕಾರ್ರ?" ಎಂದು ಕೇಳಿದ. ಕಡಿತ ಮಾಡದೆ ಪೂರ್ತಿ ತೂಕಕ್ಕೆ ದುಡ್ಡು ಎಣಿಸಿ ಕೊಟ್ಟೆ.

ಆ ಪುಟಕ್ಕೆ ಇನ್ನೊಂದು ವಿಷಯ ಸೇರಿಸು. ಇಬ್ಬನಿಗೆ ಗುಡ್ಡೆಯ ಮೇಲಿನ ಹತ್ತಿ ಹಸಿಯಾಗಿರುತ್ತದೆ. ಬೆಳಿಗ್ಗೆ ನಾವು ವ್ಯಾಪಾರಿಗಳು ಕಚ್ಚುವುದು ಅದರ ಬೀಜವನ್ನೇ. ನಡುವಿನ ಬೀಜ ಕಚ್ಚಿ ಎಂದು ರೈತರು ಕೇಳಬೇಕು. ಇದನ್ನು ನಿನಗೆ ಬೇಕೆಂದೇ ಕಲಿಸಿರಲಿಲ್ಲ.

ಸೇರಿಸಿದ ಮೇಲೂ ಕೆಳಗೆ ನನ್ನ ಹೆಸರು ಹಾಗೇ ಇರಲಿ.

ನಿನ್ನ ಅಪ್ಪ,
ಹಾಲಸ್ವಾಮಿ