ಕಳ್ಳ ಹೋದ ಮೇಲೂ ಬಡಿಯುತ್ತಿರುವುದು ಯಾರನ್ನು?

ನನ್ನ ಯಕೃತ್ತಿನಲ್ಲಿ ಠಿಕಾಣಿ ಹೂಡಿರುವ, ರೋಗಾಣುಗಳನ್ನು ಹಿಡಿದು ಬಡಿಯುವ ಟಿ-ಕೋಶಗಳ ಕಾವಲು ದಳದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳ್ಳ ಮನೆ ಬಿಟ್ಟು ಹೋದ ಮೇಲೂ ತಾವು ಮನೆಯವರನ್ನೇ ಬಡಿಯುತ್ತಿದ್ದೀರಿ ಎಂಬುದು ನನ್ನ ದೂರು. ತಮ್ಮ ಊಟ, ವಸತಿ ಎಲ್ಲವೂ ನನ್ನ ರಕ್ತದಲ್ಲೇ ನಡೆಯುತ್ತಿರುವುದರಿಂದ ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಹಿಂದೊಮ್ಮೆ ಆಪರೇಷನ್ ಆದಾಗ ಯಾರದೋ ರಕ್ತದ ಜೊತೆ ವೈರಸ್ಸೊಂದು ನನ್ನ ಯಕೃತ್ತಿಗೆ ನುಗ್ಗಿ, ವರ್ಷಗಟ್ಟಲೆ ಕಾಲು ಚಾಚಿ ಮಲಗಿತ್ತು. ಆಗ ತಮ್ಮ ದಳ ಏನು ಕಡಿದು ಗುಡ್ಡೆ ಹಾಕುತ್ತಿತ್ತು? ಕೊನೆಗೆ ಅದನ್ನು ಓಡಿಸಿದ್ದು ಮಾತ್ರೆ. ರಕ್ತದಲ್ಲಿ ವೈರಸ್ ಇಲ್ಲವೆಂದು ತಿಳಿದ ದಿನ ನನ್ನ ಬೀಗ ರಿಪೇರಿ ಅಂಗಡಿ ಮುಚ್ಚಿ ಮನೆಗೆ ಓಡಿದ್ದೆ. ಆದರೂ ಯಕೃತ್ತಿನ ಉರಿಯೂತ ಇಳಿಯಲಿಲ್ಲ. ವೈದ್ಯೆ ಮತ್ತೆ ಪರೀಕ್ಷೆ ಮಾಡಿಸಿದರು. ವೈರಸ್ಸಿನ ಒಂದು ತುಣುಕೂ ನನ್ನ ಯಕೃತ್ತಿನ ಒಂದು ತುಣುಕೂ ಒಂದೇ ಥರ ಕಾಣುತ್ತಿರಬಹುದಂತೆ. ಅದನ್ನು ಹಿಡಿಯಲು ಕಲಿತ ತಮ್ಮವರು ಈಗ ಇದನ್ನೇ ಹಿಡಿದು ಚಚ್ಚುತ್ತಿದ್ದಾರಂತೆ.

"ಹೀಗೇ ಬಿಟ್ರೆ ಲಿವರ್ ಕಲ್ಲಾಗಿ ಕೂತುಬಿಡತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ," ಎಂದರು. ಕಾವಲಿನವರನ್ನು ತಣ್ಣಗಾಗಿಸುವ ಮಾತ್ರೆ ಬರೆದುಕೊಟ್ಟರು.

ಒಂದು ಬೀಗಕ್ಕೆ ಉಜ್ಜಿದ ಕೀಲಿಕೈ ಪಕ್ಕದ ಮನೆಯ ಬೀಗಕ್ಕೂ ಹೊಂದುವುದುಂಟು. ಹಾಗಂತ ನಾನು ಆ ಮನೆಗೆ ನುಗ್ಗಿ ಯಜಮಾನನ ಕೊರಳಪಟ್ಟಿ ಹಿಡಿದಿಲ್ಲ ಸ್ವಾಮಿ.

ನನ್ನ ಹೆಂಡತಿಯೂ ತಮ್ಮ ಇಲಾಖೆಯವಳೇ. ಕಾಯಿಲೆ ಗೊತ್ತಾದಂದಿನಿಂದ ನನ್ನ ಚಹಾ ಲೋಟ ಬೇರೆ. ಸಿಂಕಿನ ಮೂಲೆಯಲ್ಲಿ ಅದಕ್ಕೆ ಒಂಟಿವಾಸ. ಲೋಟದಿಂದ ಅಂಟುವುದಿಲ್ಲವೆಂದು ವೈದ್ಯೆ ಹೇಳಿದ್ದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ವೈರಸ್ ಹೋದ ಮೇಲೂ ಲೋಟ ಮೂಲೆಯಲ್ಲೇ ಉಳಿಯಿತು. ನನಗೆ ಬಹಳ ನೋವಾಗಿತ್ತು, ಹೇಳಿರಲಿಲ್ಲ. ನಿನ್ನೆ ಚಹಾ ಕುಡಿಯುತ್ತಾ ತಮ್ಮ ಪ್ರತಾಪವನ್ನು ಅವಳಿಗೆ ವಿವರಿಸಿದೆ. ಕಳ್ಳ ಹೋದದ್ದೂ ಗೊತ್ತಾಗದ ದಡ್ಡರು ಎಂದು ತಮ್ಮನ್ನು ಬಾಯಿಗೆ ಬಂದಂತೆ ಬೈದೆ. ಅವಳು ಸಿಂಕಿನ ಮೂಲೆಯನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನ ಕೈಯಿಂದ ಲೋಟ ಕಿತ್ತುಕೊಂಡು, ಉಳಿದಿದ್ದ ಚಹಾವನ್ನು ಗಟಗಟನೆ ಕುಡಿದಳು.

"ಇಷ್ಟೊಂದು ಸಕ್ಕರೆ ಹಾಕ್ಕೊಂಡಿದೀರಲ್ಲ," ಎಂದು ಗದರಿದಳು.

ಅವಳ ಕಾವಲು ತೆರವಾಯಿತು. ಇನ್ನು ತಮ್ಮದು. ಕೆಲಸ ಬಿಡಿ ಎನ್ನುತ್ತಿಲ್ಲ. ನಾಳೆ ನೆಗಡಿ ಬಂದರೆ ಮತ್ತೆ ತಮ್ಮ ಕಾಲನ್ನೇ ಹಿಡಿಯಬೇಕು. ಲಾಠಿಯನ್ನಷ್ಟೇ ಕೆಳಗಿಡಿ. ನಾನು ಇನ್ನೂ ಬಹಳ ವರ್ಷ ಚಹಾ ಕುಡಿಯಬೇಕು, ಅರ್ಧ ಅವಳಿಗೆ ಬಿಡಬೇಕು.

ಇಂತಿ,
ತಾವು ಕಳ್ಳನೆಂದು ತಿಳಿದಿರುವ
ಈ ಮನೆಯ ಯಜಮಾನ