ಕರಿ ಎರಡರ ಹಾಡು

ಕಂಪ್ಲಿ
ಶುಕ್ರವಾರ, ೧೭-೧-೧೯೩೬

ನನ್ನ ಮುದ್ದು ಶಾಂತಕ್ಕ,

ನಿನ್ನ ಪತ್ರವನ್ನು ಎದೆಗೊತ್ತಿಕೊಂಡು ಕುಣಿದೆ! ನಮ್ಮ ಬಳ್ಳಾರಿಯ ಶಾಲೆಯಲ್ಲೇ ನೀನೀಗ ಸಂಗೀತದ ಟೀಚರ್! ಶಾರ್ಪು, ಫ್ಲಾಟುಗಳನ್ನು ಮಕ್ಕಳಿಗೆ ಹೇಗೆ ಹೇಳಲಿ ಎಂದು ಕೇಳಿದ್ದೀಯ. ನನ್ನನ್ನೇ ಕೇಳಬೇಕು! ಮದುವೆಯಾದಾಗಿನಿಂದ ನನಗೂ ಒಬ್ಬರು ಶಿಷ್ಯರಿದ್ದಾರೆ, ನಮ್ಮ ಯಜಮಾನರು. ಅಪ್ಪ ಕೊಟ್ಟ ಹಾರ್ಮೋನಿಯಂ ಪೇಟಿಯ ಮುಂದೆ, ಊಟ ಮುಗಿಸಿದವರೇ ಬಂದು ಕೂರುತ್ತಿದ್ದರು. ಅತ್ತೆಯವರಂತೂ, "ಗಂಡನ ನಿನ್ನ ಶಿಷ್ಯ ಆಗ್ಯಾನ, ಪುಣ್ಯವಂತಿ ಬಿಡವ್ವ ನೀ" ಎನ್ನುತ್ತಿದ್ದರು.

ಮಕ್ಕಳಿಗೆ ಹೀಗೆ ಹೇಳು. ಹಾರ್ಮೋನಿಯಂನಲ್ಲಿ ಬೆರಳಿಡುವ ಒಂದು ಮನೆಯಿಂದ ಬಲಕ್ಕೆ, ಪಕ್ಕದ ಮನೆಗೆ ಸರಿದರೆ ಶಾರ್ಪು. ಎಡಕ್ಕೆ ಸರಿದರೆ ಫ್ಲಾಟು. ನಡುವಿನ ಕರಿ ಮನೆ ಒಂದೇ, ಹೆಸರು ಮಾತ್ರ ಎರಡು. ತವರಲ್ಲಿ ಜಾಣೆಯಾಗಿದ್ದವಳು ಇಲ್ಲಿ ಜಂಬಗಾತಿಯಾದಂತೆ! ಕೀ ಸಿಗ್ನೇಚರ್ ಎಂದರೆ ಸ್ವರ ಬರೆಯುವ ಸಾಲಿನ ತಲೆಯಲ್ಲಿ ಹಾಕುವ ಗುರುತು. ಅಲ್ಲಿ ಫ್ಲಾಟು ಹಾಕಿದ ಸ್ವರ ಎಲ್ಲೇ ಬರಲಿ, ಹಾಡು ಮುಗಿಯುವ ತನಕ ತಗ್ಗಿಯೇ ಇರಬೇಕು. ಮತ್ತೆ ಮತ್ತೆ ಹೇಳುವುದಿಲ್ಲ. ನನಗೂ ಹೊಸ್ತಿಲು ದಾಟುವಾಗಲೇ ಅತ್ತೆ, "ಈ ಮನ್ಯಾಗ ಸೊಸಿ ದನಿ ತಗ್ಗಿಸಿ ಇರಬೇಕು" ಎಂದಿದ್ದರು.

ಹೋದ ವಾರ ಹಾರ್ಮೋನಿಯಂ ರಿಪೇರಿಗೆಂದು ಹೊಸಪೇಟೆಗೆ ಹೋಯಿತು. ಅದೇ ದಿನ ಅವರು ನಾನು ಹಾಡುವ ಹಾಡೊಂದನ್ನು ಸ್ವರ ಹಾಕಿ ಬರೆದುಕೊಡು ಎಂದರು. ನನ್ನದು ಬಿಳಿ ಒಂದರ, ಮೊದಲ ಬಿಳಿ ಮನೆಯ ಶ್ರುತಿ. "ಕರಿ ಎರಡಕ್ಕ ಏರಿಸಿ ಬರಿ, ಜಲ್ದಿ ಬೇಕು" ಎಂದರು. ಯಾರ ಕಂಠಕ್ಕೆ ಎಂದೆ. "ನಂದ, ಮತ್ಯಾರದು?" ಶಾಂತಕ್ಕ, ಅವರು ನನ್ನ ಬಿಳಿ ಒಂದಕ್ಕೇ ಕೆಮ್ಮುತ್ತಾರೆ!

ನಿನ್ನೆ ಕೆಲಸದ ಹೊನ್ನೂರಮ್ಮ ಪಾತ್ರೆ ತಿಕ್ಕುತ್ತ, "ಅಕ್ಕಾರ, ಹೊಸಪೇಟ್ಯಾಗ ನಾಟಕದಾಕಿ ಹಾಡ್ತಾಳಂತ, ನಮ್ಮ ಧಣೇರು ಪೇಟಿ ಬಾರಿಸ್ತಾರಂತ. ಮಸ್ತ್ ಜೋಡಿ ಅಂತಾರ್ರಿ ಜನ!" ಎಂದಳು. ಪಾಪ, ಹೆಮ್ಮೆಯಿಂದಲೇ ಹೇಳಿದಳು. ಅತ್ತೆಯ ಬಳಿ ಹೋಗಿ ಅತ್ತುಬಿಟ್ಟೆ. "ಬಾರಿಸಿದ್ರ ಪೇಟಿ ಸವಿತೈತೇನು? ಗಂಡಸು ಅಂದ್ಮ್ಯಾಲ ಹಂಗ. ಸುಮ್ಕಿರು" ಎಂದರು.

ಸುಮ್ಮನಿದ್ದೇನೆ. ಬೆಳಿಗ್ಗೆ ಹಾಡಿನ ಹಾಳೆ ಕೊಟ್ಟೆ. "ಭಾಳ ಛಲೋ ಬರದಿ" ಎಂದು ಕೆನ್ನೆ ತಟ್ಟಿ, ಬಸ್ಸಿಗೆ ಓಡಿದರು. ಇಂದು ರಾತ್ರಿ ಅಲ್ಲಿ ನಾಟಕವಂತೆ. ಹಾಳೆ ನೋಡದೆ ಅವರು ಒಂದು ಸ್ವರವನ್ನೂ ಬಾರಿಸಲಾರರು. ಬರೆದದ್ದನ್ನು ಬರೆದಂತೆಯೇ ಬಾರಿಸಬೇಕೆಂದು ಕಲಿಸಿದವಳು ನಾನೇ ತಾನೆ!

ದನಿ ತಗ್ಗಿಸಿಕೊಂಡಿರುವ ನಿನ್ನ,
ವಿರುಪಮ್ಮ

ತಾ.ಕ.: ಕರಿ ಎರಡಕ್ಕೆ ಏರಿಸಿದರೆ ಸಾಲಿನ ತಲೆಯಲ್ಲಿ ಮೂರು ಫ್ಲಾಟು ಇರಬೇಕೆಂದು ಮಕ್ಕಳಿಗೆ ತಪ್ಪದೆ ಕಲಿಸು. ನಾನು ಎರಡೇ ಹಾಕಿದ್ದೇನೆ. ಬಿಟ್ಟದ್ದು ಮಧ್ಯಮದ ಫ್ಲಾಟನ್ನು, ಅಲ್ಲಿ ಅವಳ ದನಿಗಿಂತ ಪೇಟಿ ಒಂದು ಮನೆ ಮೇಲೆ ಕೂಗುತ್ತದೆ. ಆ ಸ್ವರ ಪಲ್ಲವಿಯಲ್ಲಿದೆ, ತಿರುತಿರುಗಿ ಬರುತ್ತದೆ.